ಹರಿಗೋಲಿನಲ್ಲಿ ಬಂದ ಸುಣ್ಣ

ಅಕ್ಕಂದಿರೇ, ಅಣ್ಣಂದಿರೇ, ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಹೊಳೆಸಾಲಿನ ಊರುಗಳಲ್ಲಿ ಮನೆಮನೆಗೂ ಒಂದೇ ಚಿಂತೆ. ಮಳೆಗೆ ಹೊರಗೋಡೆ ಹಸಿರುಗಟ್ಟಿರುತ್ತದೆ, ಹೊಗೆಗೆ ಒಳಗೋಡೆ ಕಪ್ಪಾಗಿರುತ್ತದೆ. ಹಬ್ಬಕ್ಕೆ ಬಂದ ನೆಂಟರು ನಮ್ಮ ಮುಖ ನೋಡುವ ಮೊದಲು ಗೋಡೆ ನೋಡುತ್ತಾರೆ. ಆದ್ದರಿಂದ ಸುಣ್ಣ ಬೇಕೇ ಬೇಕು. ಆದರೆ ಆ ಸುಣ್ಣವನ್ನು ತರುವುದು ಹೇಗೆ, ನೀರು ಕೂಡಿಸಿ ಅರಳಿಸುವುದು ಹೇಗೆ, ಅದು ಕಣ್ಣಿಗೆ ಬಿದ್ದರೆ ಏನು ಮಾಡುವುದು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತು. ಬುಕ್ಕಸಾಗರದ ಜಡೆಪ್ಪನಿಗೂ ಗೊತ್ತಿತ್ತು.

ಜಡೆಪ್ಪ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆ ಮುಗಿಯುವ ಹೊತ್ತಿಗೆ ನಿಮಗೆ ಅವನ ಮೇಲೆ ಸಿಟ್ಟು ಬರಬಹುದು. ಹೊಳೆಯ ಪಕ್ಕ ಭತ್ತದ ಗದ್ದೆ, ಮನೆಯಲ್ಲಿ ತಾಯಿ ಮುದುಕಮ್ಮ, ಹೆಂಡತಿ ಪಂಪಮ್ಮ. ಪಂಪಮ್ಮ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಕಮಲಾಪುರದಿಂದಲೂ ಹೆಂಗಸರು ಹಳೆಯ ಸೀರೆಗಳ ಗಂಟು ಹೊತ್ತುಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು. ಮುದುಕಮ್ಮನಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವುದೂ ಸೊಸೆಯ ಕೆಲಸವೇ. ಪಂಪಮ್ಮ ಯಾರೊಂದಿಗೋ ಮಾತಾಡುತ್ತಲೇ ದಾರ ಪೋಣಿಸಿ ಅತ್ತೆಯ ಕೈಗಿಡುತ್ತಿದ್ದಳು.

ಹೋದ ವರ್ಷ ನವಮಿಗೆ ಮುಂಚೆ ಗಂಡ ಹೆಂಡತಿ ಇಬ್ಬರೂ ಹೊಳೆಯಾಚೆ ಹೋಗಿದ್ದರು. ಅಲ್ಲಿ ಪಂಪಮ್ಮನ ಚಿಕ್ಕಮ್ಮನ ಮನೆ, ಅದರ ಹತ್ತಿರವೇ ಸುಣ್ಣದ ಭಟ್ಟಿ. ಬರುವಾಗ ಜಡೆಪ್ಪ ಒಂದು ಚೀಲ ಸುಟ್ಟ ಸುಣ್ಣದ ಕಲ್ಲು ಕೊಂಡ.

ಹರಿಗೋಲು ನೀವು ಕಂಡದ್ದೇ. ಬಿದಿರು ಹೆಣೆದು ತೊಗಲು ಹೊದಿಸಿದ ಬುಟ್ಟಿ. ಅದರ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಅದಕ್ಕೇ ಅಕ್ಕಿ, ಬೆಲ್ಲ, ಮೆಣಸಿನಕಾಯಿಯನ್ನು ಕಟ್ಟಿಗೆ ಹಾಸಿ ಅದರ ಮೇಲೆ ಇಡುತ್ತೇವೆ. ಕಲ್ಲು ಸಾಗಿಸುವಾಗ ಮಾತ್ರ ನೇರ ತಳಕ್ಕೇ ಇಡುವುದು ರೂಢಿ. ಹರಿಗೋಲು ಅಲುಗಾಡದೆ ನಿಲ್ಲಲಿ ಎಂದು.

"ಚೀಲ ಎಲ್ಲಿ ಇಡಲಿ?" ಎಂದ ಅಂಬಿಗ.

"ಕಲ್ಲು ಅಲ್ಲೇನು, ಬುಡಕ್ಕ ಇಡು," ಎಂದ ಜಡೆಪ್ಪ. "ಕಲ್ಲಿಗೆ ನೀರು ಏನ್ ಮಾಡತೈತಿ."

ಪಂಪಮ್ಮ ಚೀಲದ ಪಕ್ಕದಲ್ಲೇ ಕುಳಿತಳು. ಭಾದ್ರಪದದ ಹೊಳೆ ತುಂಬಿ ಹರಿಯುತ್ತಿತ್ತು. ನಡುನೀರಿಗೆ ಬರುವಷ್ಟರಲ್ಲಿ ಚೀಲದಿಂದ ಹೊಗೆಯಂಥ ಹಬೆ ಎದ್ದಿತು, ಒಳಗೆ ಚಟಚಟ ಸದ್ದು. "ನೋಡ್ರಿ, ಚೀಲ ಸುಡಾಕ ಹತ್ತೈತಿ," ಎಂದು ಪಂಪಮ್ಮ ಬಗ್ಗಿ ಅದನ್ನು ಮೇಲಕ್ಕೆಳೆದಳು. ಚೀಲದ ಬಾಯಿ ಬಿಚ್ಚಿಕೊಂಡಿತು. ಅರಳುತ್ತಿದ್ದ ಕಲ್ಲು ಸಿಡಿದು ಸುಣ್ಣ ಅವಳ ಎರಡೂ ಕಣ್ಣಿಗೆ ರಾಚಿತು.

ಪಂಪಮ್ಮ ಕಿರುಚಿ ಹೊಳೆಯ ಕಡೆ ಬೊಗಸೆ ಚಾಚಿದಳು. ಜಡೆಪ್ಪ ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಬ್ಯಾಡ, ನೀರು ಮುಟ್ಟಬ್ಯಾಡ. ನೀರು ಬಿದ್ದ ಸುಣ್ಣ ಹೆಂಗ ಕುದೀತು ನೋಡಿದಿಲ್ಲೇನು? ಕಣ್ಣೂ ಹಂಗ ಕುದ್ದು ಹೋಗತಾವ."

"ಉರಿ ತಡಿಯಾಕ ಆಗವಲ್ದು, ಬಿಡ್ರಿ."

"ಇನ್ನೊಂದೀಟು ತಡಕೋ. ದಂಡಿ ಬಂತು."

ಅವನು ಬಿಡಲಿಲ್ಲ. ಅವಳು ಅಳುತ್ತಾ ಕುಳಿತಳು. ದಂಡೆ ಬರುವವರೆಗೂ ಹಾಗೆಯೇ.

ಮನೆಯಲ್ಲಿ ಮುದುಕಮ್ಮ ಸೊಸೆಯ ಮುಖ ಕಂಡು ಎದೆ ಬಡಿದುಕೊಂಡಳು. ತನಗೆ ತಿಳಿದ ಔಷಧ ಮಾಡಿದಳು: ಕಣ್ಣಿಗೆ ಹರಳೆಣ್ಣೆ ಬಿಟ್ಟು, ಮೇಲೆ ಬಟ್ಟೆ ಬಿಗಿದು ಕಟ್ಟಿದಳು. ಸುಣ್ಣ ಒಳಗೇ ಉಳಿಯಿತು. ಬೆಳಗಾಗುವಷ್ಟರಲ್ಲಿ ಮುಖ ಬಾತುಕೊಂಡಿತ್ತು. ಆಗ ಗಾಡಿ ಕಟ್ಟಿಕೊಂಡು ಹೊಸಪೇಟೆಯ ದವಾಖಾನೆಗೆ ಓಡಿದರು. ಡಾಕ್ಟರು ಕೈಯಲ್ಲಾದದ್ದೆಲ್ಲ ಮಾಡಿದರು. ಬಲಗಣ್ಣು ಹೋಯಿತು. ಎಡಗಣ್ಣಿಗೆ ಬೆಳಕು ಕಾಣುತ್ತದೆ, ಎದುರು ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ.

ಅಲ್ಲಿ ಸೀತಾಬಾಯಿ ಎಂಬ ನರ್ಸ್ ಇದ್ದರು. ಗದರದೆ ಮಾತಾಡುವ ಹೆಂಗಸು. ಜಡೆಪ್ಪನನ್ನು ಹೊರಗೆ ಕರೆದು ಕೇಳಿದರು: "ಸುಣ್ಣ ಬಿದ್ದ ಕೂಡಲೇ ಯಾಕ ತೊಳೀಲಿಲ್ರಿ? ಹತ್ರ ನೀರು ಸಿಗಲಿಲ್ಲೇನು?"

ಜಡೆಪ್ಪ, "ಹೊಳಿ ನಡುವ ಇದ್ವಿ, ಬಾಯಾರ," ಎಂದ.



ಆ ವರ್ಷ ಆ ಮನೆಗೆ ಸುಣ್ಣ ಬಳಿಯಲಿಲ್ಲ. ಹಬ್ಬ ಕಳೆದ ಮೇಲೆ ಸೀತಾಬಾಯಿ ಪಂಪಮ್ಮನನ್ನು ನೋಡಲೆಂದು ಬುಕ್ಕಸಾಗರಕ್ಕೆ ಬಂದರು. ನೆನೆಯದೆ ಉಳಿದ ಸುಣ್ಣದ ಕಲ್ಲು ಮುಚ್ಚಿದ ಮಡಕೆಯಲ್ಲಿ ಮೂಲೆಗೆ ಬಿದ್ದಿತ್ತು. ಕಣ್ಣನ್ನು ಕೂಡಲೇ ನೀರಿನಿಂದ ತೊಳೆಯಬೇಕಿತ್ತು ಎಂಬ ದವಾಖಾನೆಯ ಮಾತನ್ನು ಮುದುಕಮ್ಮ ಇನ್ನೂ ಒಪ್ಪಿರಲಿಲ್ಲ. ಅವಳದು ಗಟ್ಟಿ ಸ್ವಭಾವ, ಅದರ ಹಿಂದೆ ಹೆದರಿಕೆಯೂ ಇತ್ತು. ಒಪ್ಪಿದರೆ ಹರಳೆಣ್ಣೆ ಹಾಕಿದ ತನ್ನ ಕೈಯನ್ನೇ ಬೈದುಕೊಳ್ಳಬೇಕಲ್ಲ.

"ಹಣೀಬರಾ, ಬಾಯಾರ," ಎಂದಳು. "ಸುಣ್ಣಕ್ಕ ನೀರು ಹಾಕಿದ್ರ ಕುದೀತೈತಿ. ಹುಟ್ಟಿದಾಗಿಂದ ನೋಡೀನಿ. ಅದನ್ನ ಕಣ್ಣಿಗೆ ಹಾಕು ಅಂತೀರಿ ನೀವು."

"ಕುಂದರ್ರಿ ಅಜ್ಜಿ, ಹೇಳತೀನಿ. ಮಂಡಕ್ಕಿಗೆ ಪುಟಾಣಿ ಕೂಡಿಸಿದ್ರ ಏನಾಗತೈತಿ?"

"ಏನಾಗತೈತಿ, ಮಂಡಕ್ಕಿ ಮಂಡಕ್ಕೀನ, ಪುಟಾಣಿ ಪುಟಾಣೀನ. ನನಗ ಹಲ್ಲಿಲ್ಲ, ಪುಟಾಣಿ ಆರಿಸಿ ಮಗಗ ಕೊಡತೀನಿ."

"ಹಂಗ ಆರಿಸಿ ಬ್ಯಾರೆ ಮಾಡಾಕ ಬರೋದಕ್ಕ ಮಿಶ್ರಣ ಅಂತಾರ. ಉಸುಕಿಗೆ ನೀರು ಹಾಕಿದ್ರೂ ಅಷ್ಟ. ಬಿಸಲಿಗಿಟ್ರ ನೀರು ಆರತೈತಿ, ಉಸುಕು ಉಳೀತೈತಿ. ಇನ್ನ ನಿಮ್ಮ ಮೂಗುತಿ ಐತೆಲ್ಲ, ಬಂಗಾರ. ಅದನ್ನ ಎಷ್ಟು ಅರದು ಪುಡಿ ಮಾಡಿದ್ರೂ ಬಂಗಾರನ. ಅದರಾಗ ಬ್ಯಾರೆ ಏನೂ ಇಲ್ಲ. ಅದು ಮೂಲವಸ್ತು."

"ಅಕ್ಕಸಾಲಿ ಅದರಾಗ ತಾಮ್ರ ಕೂಡಿಸ್ಯಾನಂತ ನನ್ನ ಗಂಡ ಸಾಯೋ ತನಕ ಬೈತಿದ್ದ."

ಸೀತಾಬಾಯಿ ನಕ್ಕರು. "ಹಂಗಾದ್ರ ನಿಮ್ಮ ಮೂಗುತೀನೂ ಮಿಶ್ರಣನ. ಬಂಗಾರ ಒಂದು ಮೂಲವಸ್ತು, ತಾಮ್ರ ಇನ್ನೊಂದು. ಆದ್ರ ಕೆಲವು ಮೂಲವಸ್ತು ಹಿಂಗ ಬರೇ ಬೆರಿಯಂಗಿಲ್ಲ ಅಜ್ಜಿ, ಒಂದರಾಗ ಒಂದು ಕೂಡಿ ಹೊಸಾ ವಸ್ತುನ ಆಗಿಬಿಡತಾವ. ಅದಕ್ಕ ಸಂಯುಕ್ತ ಅಂತಾರ. ನಾವು ಕುಡಿಯೋ ನೀರು ಎರಡು ಗಾಳಿ ಕೂಡಿ ಆದದ್ದು. ಒಂದು ತಾನ ಉರಿಯೋ ಗಾಳಿ, ಇನ್ನೊಂದು ಬೆಂಕೀನ ಉರಿಸೋ ಗಾಳಿ. ಎರಡೂ ಕೂಡಿದ ಮ್ಯಾಲೆ ಬೆಂಕಿ ಆರಿಸತಾವ. ಹಳೇ ಗುಣ ಹೋತು, ಹೊಸಾ ಗುಣ ಬಂತು."

"ಸುಣ್ಣದ ಕಲ್ಲೂ ಹಂಗೇನ್ರಿ?" ಎಂದು ಬಾಗಿಲಲ್ಲಿ ನಿಂತಿದ್ದ ಜಡೆಪ್ಪ ಕೇಳಿದ.

"ಅದೂ ಸಂಯುಕ್ತನ. ನೆಲದಿಂದ ತಗದ ಕಲ್ಲಿನಾಗ ಮೂರು ಮೂಲವಸ್ತು ಕೂಡ್ಯಾವ. ಕ್ಯಾಲ್ಸಿಯಂ ಅನ್ನೋದೊಂದು ಲೋಹ, ಇದ್ದಲಿನೊಳಗ ಇರೋ ಇಂಗಾಲ, ನಾವು ಉಸಿರಾಡೋ ಪ್ರಾಣವಾಯು. ಭಟ್ಟಿಯಾಗ ಸುಟ್ಟಾಗ ಇಂಗಾಲ ಒಂದಿಷ್ಟು ಪ್ರಾಣವಾಯು ಕರಕೊಂಡು ಗಾಳಿಯಾಗಿ ಹೋಗತೈತಿ. ಉಳಿದದ್ದು ಕಣ್ಣಿಗೆ ಕಲ್ಲಿನಂಗ ಕಾಣತೈತಿ. ಆದ್ರ ಅದು ಮೊದಲಿನ ಕಲ್ಲಲ್ಲ. ನೀರು ಕಂಡ್ರ ಕೂಡಿಕೊಳ್ಳತೈತಿ, ಕೂಡುವಾಗ ಸುಡೋ ಕಾವು ಬಿಡತೈತಿ. ಮ್ಯಾಲೆ ಕಣ್ಣು ತಿನ್ನೋ ಗುಣಾನೂ ಅದಕ್ಕೈತಿ."

"ನಾನು ಕಲ್ಲು ಅಂದ್ಕೊಂಡು ಬುಡಕ್ಕ ಇಟ್ಟೆ," ಎಂದ ಜಡೆಪ್ಪ.

ಮುದುಕಮ್ಮ ಚಟ್ಟನೆ ಮಾತು ಹಿಡಿದಳು. "ಹಂಗಿದ್ರ ನನ್ನ ಮಗ ಕೈ ಹಿಡದದ್ದು ಸರಿ ಆತಲ್ಲ. ನೀರು ಬಿದ್ರ ಸುಡತೈತಿ ಅಂತ ಈಗ ನೀವ ಅಂದ್ರಿ."

ಸೀತಾಬಾಯಿ ಮಡಕೆಯಿಂದ ಕಡಲೆಕಾಳಿನಷ್ಟು ಎರಡು ಸುಣ್ಣದ ಚೂರು ತೆಗೆದರು. ಒಂದನ್ನು ಚಿಕ್ಕ ಹಿತ್ತಾಳೆ ಬಟ್ಟಲಿಗೆ ಹಾಕಿ ನಾಲ್ಕು ಹನಿ ನೀರು ಬಿಟ್ಟರು. ಚೂರು ಬುಸುಗುಟ್ಟಿ ಅರಳಿತು. ಮುದುಕಮ್ಮ ಬಟ್ಟಲಿನ ತಳ ಮುಟ್ಟಿ ಬೆರಳು ಎಳೆದುಕೊಂಡಳು. ಇನ್ನೊಂದು ಚೂರನ್ನು ನೀರು ತುಂಬಿದ ಕೊಡಕ್ಕೆ ಹಾಕಿದರು. ಮುದುಕಮ್ಮ ಕೊಡದ ಹೊಟ್ಟೆಯನ್ನು ಒಂದು ಕಡೆ ಮುಟ್ಟಿದಳು, ಇನ್ನೊಂದು ಕಡೆ ಮುಟ್ಟಿದಳು.

"ತಣ್ಣಗೈತಿ."

"ಕಾವು ಎರಡರಾಗೂ ಅಷ್ಟ ಹುಟ್ಟಿತು ಅಜ್ಜಿ. ಒಂದೀಟು ನೀರು ಇದ್ರ ಕಾವು ಅಲ್ಲೇ ನಿಂತು ಸುಡತೈತಿ. ನೀರು ಭಾಳ ಇದ್ರ ಕಾವೂ ಹಂಚಿ ಹೋಗತೈತಿ, ಸುಣ್ಣಾನೂ ತೊಳಕೊಂಡು ಹೋಗತೈತಿ."

"ಆದ್ರ ಕಣ್ಣಿಗೆ ನೀರು ಹಾಕದಿದ್ರ ಕಾವು ಎಲ್ಲಿಂದ ಹುಟ್ಟತಿತ್ತು?" ಎಂದಳು ಮುದುಕಮ್ಮ.

"ಕಣ್ಣಾಗ ಮೊದಲ ನೀರು ಐತೆಲ್ಲ," ಎಂದರು ಸೀತಾಬಾಯಿ. "ಕಣ್ಣೀರು."

ಹರಿಗೋಲಿನಲ್ಲಿ ದಂಡೆ ಬರುವವರೆಗೆ ಪಂಪಮ್ಮ ಅತ್ತಿದ್ದಳು. ಜಡೆಪ್ಪ ಬಾಗಿಲಿನಿಂದ ಸರಿದು ಹಿತ್ತಲಿಗೆ ಹೋದ. ಪಂಪಮ್ಮ ಅವನು ಹೋದ ದಿಕ್ಕಿಗೆ ಮುಖ ತಿರುಗಿಸಿ, "ನಾನು ಸುಡಬಾರದು ಅಂತನ ಅವರು ಕೈ ಹಿಡದ್ರು, ಬಾಯಾರ. ಅವರಿಗೆ ಇದನ್ನ ಹೇಳಬಾರದಿತ್ತು," ಎಂದಳು.

"ಹೇಳದಿದ್ರ ನಾಳೆ ಇನ್ನೊಬ್ಬಾಕಿ ಕೈ ಯಾರಾದ್ರೂ ಹಿಡೀತಾರ, ಪಂಪಮ್ಮ," ಎಂದರು ಸೀತಾಬಾಯಿ.

ಮುದುಕಮ್ಮ ಅಂದು ಊಟ ಮಾಡಲಿಲ್ಲ. ಹರಳೆಣ್ಣೆಯ ಕುಡಿಕೆಯನ್ನು ತೆಗೆದು ಅಟ್ಟದ ಮೇಲಿಟ್ಟಳು.

ಈ ವರ್ಷ ಮತ್ತೆ ನವಮಿ ಬಂತು. ಪಕ್ಕದ ಮನೆಯ ಎರ್ರಮ್ಮ ಸುಣ್ಣ ಬಳಿಯಲು ಮೆಟ್ಟಿಲೇಣಿ ಹತ್ತಿದ್ದಳು. ಮೇಲಿನ ಗೋಡೆಗೆ ಕುಂಚ ಬೀಸಿದಾಗ ಗಟ್ಟಿ ಸುಣ್ಣ ಕಣ್ಣಿಗೇ ಹಾರಿತು. ಅವಳು ಕಣ್ಣು ಮುಚ್ಚಿಕೊಂಡು ಜಡೆಪ್ಪನ ಅಂಗಳಕ್ಕೆ ಓಡಿ ಬಂದು, "ಅತ್ತೀ, ಹರಳೆಣ್ಣಿ ಐತೇನು, ಜಲ್ದಿ ಹಾಕ್ರಿ," ಎಂದಳು.

"ಎಣ್ಣಿ ಹಾಕಿ ಒಂದು ಮನಿ ಬೆಳಕು ಕಳದೀನಿ. ಸುಮ್ಮನ ಬಗ್ಗು," ಎಂದು ಮುದುಕಮ್ಮ ಅವಳ ಕತ್ತು ಹಿಡಿದು ಬಗ್ಗಿಸಿದಳು. ರೆಪ್ಪೆಯ ಮೇಲಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿ ತೆಗೆದಳು. ಪಂಪಮ್ಮ ತಡವುತ್ತಾ ಬಂದು ಎರ್ರಮ್ಮನ ರೆಪ್ಪೆಗಳನ್ನು ಬೆರಳಿಂದ ಅಗಲಿಸಿ ಹಿಡಿದಳು. ಜಡೆಪ್ಪ ಒಂದು ಗಳಿಗೆ ಕಲ್ಲಾಗಿ ನಿಂತಿದ್ದ. ಆಮೇಲೆ ಕೊಡ ಎತ್ತಿ ಅವಳ ಕಣ್ಣಿಗೆ ನೀರಿನ ಧಾರೆ ಬಿಟ್ಟ. ಕೊಡ ಬರಿದಾದರೆ ಬಾವಿಗೆ ಓಡಿ ಮತ್ತೆ ತಂದ. "ಸಾಕು ಬಿಡಣ್ಣ, ಉರಿ ಕಡಿಮಿ ಆತು," ಎಂದು ಎರ್ರಮ್ಮ ಗೋಗರೆದರೂ ಅವನು ನಿಲ್ಲಿಸಲಿಲ್ಲ. ನೀರು ಸುರಿಯುತ್ತಾ ಅಳುತ್ತಿದ್ದ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಆಮೇಲೆ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ದರು. ಎರ್ರಮ್ಮನ ಕಣ್ಣು ಕೆಲವು ದಿನ ಕೆಂಪಾಗಿತ್ತು, ಅಷ್ಟೇ. ಈಗ ಅವಳು ದಿನಾ ಬೆಳಗ್ಗೆ ಬಂದು ಪಂಪಮ್ಮನಿಗೂ ಮುದುಕಮ್ಮನಿಗೂ ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾಳೆ. ಪಂಪಮ್ಮ ಬೆರಳ ತುದಿಯಲ್ಲಿ ತಡವಿ ಕೌದಿ ಹೊಲಿಯುತ್ತಾಳೆ. ಹೊಲಿಗೆ ಮೊದಲಿನ ಹಾಗೆ ನೇರ ಬರುವುದಿಲ್ಲ. ಕಮಲಾಪುರದ ಗಂಟುಗಳು ಬರುವುದು ನಿಂತಿದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದವರು ಓದು ಬಾರದವರಿಗೆ ಹೇಳಿ. ಸುಟ್ಟ ಸುಣ್ಣ ಕಲ್ಲಲ್ಲ. ಹರಿಗೋಲಿನಲ್ಲಾಗಲಿ ಗಾಡಿಯಲ್ಲಾಗಲಿ ಒದ್ದೆ ತಾಗದಂತೆ ಮುಚ್ಚಿ ತನ್ನಿ. ಅರಳಿಸುವಾಗ ಅಗಲ ಬಾಯಿಯ ಪಾತ್ರೆಯಲ್ಲಿ ಮೊದಲು ನೀರು ತುಂಬಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಬಿಡಿ. ಮೇಲೆ ಮುಚ್ಚಳ ಹಾಕಬೇಡಿ, ಬಗ್ಗಿ ನೋಡಬೇಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಬಿದ್ದರೆ ರೆಪ್ಪೆಯ ಮೇಲಿನ ಸುಣ್ಣದ ಚೂರು ಒರೆಸಿ ತೆಗೆದು ಕೂಡಲೇ ನೀರು ಸುರಿಯಿರಿ, ಒಲೆಯ ಮೇಲಿನ ಅನ್ನ ಬೇಯುವಷ್ಟು ಹೊತ್ತು ಸುರಿಯುತ್ತಲೇ ಇರಿ. ಎಣ್ಣೆ ಬೇಡ, ಕಟ್ಟು ಬೇಡ. ಆಮೇಲೆ ತಡಮಾಡದೆ ದವಾಖಾನೆಗೆ ಹೋಗಿ.

ಪಂಪಮ್ಮನ ಸುತ್ತ ತುಂಬಿದ ಹೊಳೆಯೇ ಇತ್ತು. ಅದರ ಒಂದು ಬೊಗಸೆ ನೀರೂ ಅವಳ ಕಣ್ಣಿಗೆ ದಕ್ಕಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಉರಿ ತಾಳದೆ ನೀರಿಗೆ ಕೈ ಚಾಚಿದರೆ, ಆ ಕೈಯನ್ನು ಹಿಡಿಯಬೇಡಿ.