ಮೂರನೆಯ ಚರಣದ ಮಂದ್ರ

ನನ್ನ ಹೆಂಡತಿ ಐಸಿಲ್ಡಾ, ಲಿನ್‌ಸ್ಟೆಡ್‌ ಊರಿನ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಇಪ್ಪತ್ತಾರು ವರ್ಷ ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರಗಳ ಗಿಟಾರ್, ನುಡಿಸಿದಳು. ಕಳೆದ ವರ್ಷ ಸುಗ್ಗಿಯ ಆರಾಧನೆ ಮುಗಿದೊಡನೆ, ಮೂರನೆಯ ಚರಣದಲ್ಲಿ ತಾಳ ತಪ್ಪಿದೆ ಎಂದು ಹಾಡುವವರೆಲ್ಲರ ಎದುರಿಗೆ ನಾನು ಅವಳನ್ನು ಗದರಿಸಿದೆ. ಅವಳು “ರೆಕಾರ್ಡ್ ಮಾಡಿದ್ದಾರಲ್ಲ, ಒಂದ್ಸಲ ಕೇಳಿ ನೋಡಿ” ಎಂದಳು, ಅಷ್ಟೆ. ಗಿಟಾರನ್ನು ಚೀಲಕ್ಕೆ ಹಾಕಿದವಳು ಮತ್ತೆ ಹೊರಗೆ ತೆಗೆಯಲಿಲ್ಲ. ಏಳು ತಿಂಗಳಿಗೆ ಕರ್ತನು ಅವಳನ್ನು ಕರೆದುಕೊಂಡನು.

ಆ ರೆಕಾರ್ಡಿನ ಸಿ.ಡಿ.ಯನ್ನು ನಾನು ಕೇಳಿದ್ದು ಅವಳನ್ನು ಮಣ್ಣು ಮಾಡಿ ಬಂದ ಮೇಲೆ. ಅಡಿಗೆಮನೆಯ ಪುಟ್ಟ ರೇಡಿಯೋದಲ್ಲಿ ಹಾಕಿದೆ. ಆರ್ಗನ್ ಕೇಳಿಸಿತು, ಡ್ರಮ್ ಕೇಳಿಸಿತು, ಎಲ್ಲರಿಗಿಂತ ಮೇಲೆ ನನ್ನ ದನಿ ಕೇಳಿಸಿತು. ನಮ್ಮಲ್ಲಿ ಕೀರ್ತನೆಯ ಪ್ರತಿ ಸಾಲನ್ನೂ ಒಬ್ಬರು ಮೊದಲು ಕೂಗಿ ಹೇಳುತ್ತಾರೆ, ಸಭೆ ಆಮೇಲೆ ಹಾಡುತ್ತದೆ. ಜನರಿಗೆ ಓದು ಬಾರದ ಕಾಲದಿಂದ ಬಂದ ಪದ್ಧತಿ ಅದು. ಕೂಗುವ ಕೆಲಸ ನನ್ನದು. ನಾನು ಕೂಗಿದ್ದೂ ಅವರು ಹಾಡಿದ್ದೂ ಸ್ಪಷ್ಟವಾಗಿತ್ತು. ಐಸಿಲ್ಡಾ ಮಾತ್ರ ಅದರಲ್ಲಿ ಇರಲಿಲ್ಲ.

ಆರ್ಗನ್ ನುಡಿಸುವ ಸಿಸ್ಟರ್ ಪರ್ಸೆಲ್ ನನಗೆ ತಿಳಿಯ ಹೇಳಿದರು. ಅಷ್ಟು ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ನುಡಿಯಲು ಬರುವುದಿಲ್ಲ. ಅದಕ್ಕೆಂದೇ ಸಬ್‌ವೂಫರ್ ಎಂಬ ಪೆಟ್ಟಿಗೆ ಬೇರೆ ಬೇಕು. ಆ ದಿನದಿಂದ ನನಗೆ ಎರಡು ಭಯ. ಪೆಟ್ಟಿಗೆ ತಂದ ಮೇಲೂ ಅವಳು ಕೇಳಿಸದಿದ್ದರೆ? ಕೇಳಿಸಿ, ತಪ್ಪು ಅವಳದಲ್ಲ ಎಂದು ತಿಳಿದರೆ?

ನಮ್ಮ ಕಡೆ ಅಂಥ ಪೆಟ್ಟಿಗೆ ಕಟ್ಟುವವನು ಡೆಲ್ವಿನ್ ಪ್ಯೂಸಿ ಒಬ್ಬನೇ. ಬೀದಿ ಕುಣಿತಗಳಿಗೆ ಆಳೆತ್ತರದ ಪೆಟ್ಟಿಗೆಗಳನ್ನು ಕಟ್ಟಿಕೊಡುತ್ತಾನೆ. ಆ ಗದ್ದಲದ ವಿರುದ್ಧ, ಚರ್ಚಿನ ಡೀಕನ್, ಅಂದರೆ ಸಭೆಯ ಹಿರಿಯ, ಎಂಬ ನೆಲೆಯಲ್ಲಿ ನಾನು ಎರಡು ಸಲ ಪೊಲೀಸರಿಗೆ ಅರ್ಜಿ ಕೊಟ್ಟಿದ್ದೆ. ಅವನ ಅಂಗಳದ ಗೇಟಿನಲ್ಲಿ ನನ್ನನ್ನು ಕಂಡವನೇ ಹಲಗೆ ಹೆರೆಯುತ್ತಿದ್ದ ರಂದ ಕೆಳಗಿಟ್ಟ.

“ಏನ್ ಡೀಕನ್ನರೇ, ಮೂರನೇ ಅರ್ಜಿ ಕೊಡೋಕೆ ನೇರ ನನ್ನತ್ರಾನೇ ಬಂದ್ರಾ?”

ಬಂದ ಕೆಲಸ ಹೇಳಿದೆ. ಆರಾಧನೆಯ ಹಾಡು ಕೇಳಬೇಕು ಎಂದೆನೇ ಹೊರತು ಹೆಂಡತಿಯ ವಿಷಯ ಎತ್ತಲಿಲ್ಲ. ಅವನು ಎರಡು ಪೆಟ್ಟಿಗೆ ತೋರಿಸಿದ. ಒಂದು ದೊಡ್ಡದು, ಮುಂದುಗಡೆ ಗಾಳಿ ಹೊರಡಲು ಬಾಯಿ ಇತ್ತು. ಇನ್ನೊಂದು ಎಲ್ಲ ಕಡೆ ಮುಚ್ಚಿದ್ದು, ಕೋಳಿಗೂಡಿನಷ್ಟು. ಸಣ್ಣದು ಸಾಕು ಎಂದು ಅವನು ಹೇಳಿದ, ನಾನು ಒಪ್ಪಲಿಲ್ಲ. ಇಲ್ಲಿ ಪೆಟ್ಟಿಗೆ ಕೊಳ್ಳುವವರು ಅಂಗಳದಲ್ಲಿ ಹಾಡು ಹಾಕಿಸಿ ತಾವು ರಸ್ತೆಯತ್ತ ನಡೆಯುತ್ತ ಹೋಗುತ್ತಾರೆ. ಎಷ್ಟು ದೂರದಲ್ಲಿ ಎದೆ ನಡುಗಿತೋ ಪೆಟ್ಟಿಗೆ ಅಷ್ಟು ಒಳ್ಳೆಯದು. ನಾನೂ ಹಾಗೆಯೇ ನಡೆದೆ. ಸಣ್ಣದು ಗೇಟು ದಾಟಲಿಲ್ಲ. ದೊಡ್ಡದು ರಸ್ತೆಯಾಚೆಯ ಬ್ರೆಡ್‌ಫ್ರೂಟ್ ಮರದ ಬುಡದಲ್ಲಿ ನಾನು ನಿಂತಾಗಲೂ ನನ್ನ ಅಂಗಿಯನ್ನು ಅಲುಗಿಸಿತು. ಅವಳನ್ನು ತರುವ ಶಕ್ತಿ ಇದಕ್ಕೇ ಇರಬೇಕೆಂದು ಅದನ್ನೇ ಹೊರಿಸಿಕೊಂಡು ಬಂದೆ.

ಮನೆಯಲ್ಲಿ ಹಾಕಿದರೆ ತಗಡಿನ ಮಾಡು ಗಡಗಡಿಸಿತು, ಕಿಟಕಿಯ ಗಾಜಿನ ಪಟ್ಟಿಗಳು ಕುಣಿದವು. ಅವುಗಳ ನಡುವೆ ಒಂದೇ ಒಂದು ಸ್ವರ, ಗುಂ ಎಂದು, ಮೊದಲಿನಿಂದ ಕೊನೆಯವರೆಗೆ. ಮೂರನೆಯ ಚರಣ ಬಂತು, ಹೋಯಿತು, ಅಲ್ಲಿಯೂ ಗುಂ. ಎರಡು ದಿನ ಮತ್ತೆ ಮತ್ತೆ ಹಾಕಿ ಕೇಳಿದೆ. ಅವಳು ನುಡಿಸಿದ್ದೇ ಇಷ್ಟಿರಬಹುದು, ಹಾಗಾದರೆ ನಾನು ಗದರಿಸಿದ್ದು ಸರಿ ಎಂಬ ಯೋಚನೆ ಬಂದು ಮನಸ್ಸು ಕ್ಷಣಕಾಲ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನನಗೇ ನಾಚಿಕೆಯಾಗಿ ಡೆಲ್ವಿನ್‌ಗೆ ಹೇಳಿಕಳಿಸಿದೆ.

ಅವನು ಸಣ್ಣ ಪೆಟ್ಟಿಗೆಯನ್ನು ಹೊತ್ತುಕೊಂಡೇ ಬಂದ. “ಬೀದೀಲಿ ನಿಂತು ಆರಿಸಿದ್ರಿ, ಕೋಣೇಲಿ ಕೂತು ಕೇಳ್ತಿದ್ದೀರಿ” ಎಂದು ನಗುತ್ತಿದ್ದವನು ಗೋಡೆಗೆ ತೂಗುಹಾಕಿದ್ದ ಗಿಟಾರಿನ ಚೀಲ ನೋಡಿ ಪೆಟ್ಟಿಗೆಯನ್ನು ಕೆಳಗಿಳಿಸಿದ. ಆಗ ಎಲ್ಲವನ್ನೂ ಹೇಳಿದೆ.

ಅವನು ಪೆಟ್ಟಿಗೆಯನ್ನು ನಾನು ಕೂರುವ ಕುರ್ಚಿಯ ಮೇಲಿಟ್ಟ. “ಈಗ ಅದು ನಿಮ್ಮ ಜಾಗ್ದಲ್ಲಿ ಕೂರ್ಲಿ, ಅದರ ಜಾಗ ನೀವು ಹುಡುಕಿ. ಮಂಡಿ ಊರಿ ಗೋಡೆಗುಂಟ ಹೋಗಿ. ಎಲ್ಲಿ ಒಂದೊಂದು ಸ್ವರಾನೂ ಬೇರೆಬೇರೆ ಕೇಳುತ್ತೋ ಅಲ್ಲೇ ಇಡೋಣ.”

“ಈ ವಯಸ್ಸಿನಲ್ಲಿ ಅಂಬೆಗಾಲಿಡಲೇನಪ್ಪಾ?”

“ಪ್ರಾರ್ಥನೆಗೆ ದಿನಾ ಮಂಡಿ ಊರ್ತೀರಲ್ಲ ಡೀಕನ್ನರೇ. ಅಲ್ಲಿಂದ ಒಂಚೂರು ಮುಂದಕ್ಕೆ ಹೋದ್ರಾಯ್ತು.”

ಹೋದೆ. ಅವನು ಹಾಡು ಹಾಕಿದ. ಮೂಲೆಯಲ್ಲಿ ಸ್ವರಗಳು ಊದಿಕೊಂಡು ಒಂದಕ್ಕೊಂದು ಅಂಟಿದವು. ಕಿಟಕಿಯ ಕೆಳಗೆ ಪೂರಾ ಅಡಗಿದವು. ಬಾಗಿಲ ಮುಂದಿನಿಂದ ಹಾದು ಅವಳ ಹೊಲಿಗೆಯಂತ್ರದ ಪಕ್ಕಕ್ಕೆ ಬಂದಾಗ ಅವು ಬಿಡಿಬಿಡಿಯಾಗಿ, ಯಾರೋ ಬರಿಗಾಲಲ್ಲಿ ಮೆಟ್ಟಿಲಿಳಿದು ಬರುವ ಹಾಗೆ ಬಂದವು. ಐಸಿಲ್ಡಾಳ ಬೆರಳು. ಸಾಲಿನ ಕೊನೆಯ ಸ್ವರವನ್ನು ಅವಳು ತುಸು ಒತ್ತಿ ಬಿಡುತ್ತಿದ್ದಳು, ಮರೆತೇ ಹೋಗಿತ್ತು.

ಡೆಲ್ವಿನ್ ಮೂರನೆಯ ಚರಣಕ್ಕೆ ಹಾಕಿದ. ಎರಡನೆಯ ಸಾಲು ಮುಗಿಯಲು ಇನ್ನೂ ಎರಡು ತಾಳ ಇತ್ತು. ಅವಳ ಸ್ವರ ಅದನ್ನು ಸ್ಪಷ್ಟವಾಗಿ ಎಣಿಸುತ್ತಿತ್ತು. ಅಷ್ಟರಲ್ಲಿ ನನ್ನ ದನಿ ಮುಂದಿನ ಸಾಲನ್ನು ಕೂಗಿಬಿಟ್ಟಿತು. ಆರ್ಗನ್, ಡ್ರಮ್, ಸಭೆ, ಎಲ್ಲರೂ ನನ್ನ ಹಿಂದೆ ಓಡಿದರು. ಅವಳೊಬ್ಬಳು ಆ ಎರಡು ತಾಳಗಳನ್ನು ನುಡಿಸಿ ಮುಗಿಸಿದಳು. ಆಮೇಲೆ ಮೂರು ಸ್ವರ ಬೇಗಬೇಗ ಇಳಿದು ಬಂದು ನಮ್ಮನ್ನು ಕೂಡಿಕೊಂಡಳು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಾವು ಮುಂದೆ ಓಡಿದಾಗ ಅವಳ ಸ್ವರ ಹಿಂದೆ ಉಳಿದದ್ದು ಅವತ್ತು ನನಗೊಬ್ಬನಿಗೆ ಕೇಳಿಸಿತ್ತು, ಅದನ್ನೇ ನಾನು ತಪ್ಪು ಎಂದಿದ್ದೆ.

“ಪೆಟ್ಟಿಗೆ ಅಲ್ಲೇ ಇಡ್ಲಾ?” ಎಂದು ಡೆಲ್ವಿನ್ ಕೇಳಿದ.

ಇಡು ಎಂದೆ. ಶನಿವಾರ ಹಾಡಿನ ಅಭ್ಯಾಸದ ಹೊತ್ತಿಗೆ ಅದನ್ನು ಚರ್ಚಿಗೆ ತಂದುಕೊಡಲು ಆಗುವುದೇ ಎಂದು ಕೇಳಿದೆ. ಅವತ್ತು ನಾನು ಗದರಿಸಿದ್ದನ್ನು ಕೇಳಿದವರು ಹದಿನಾಲ್ಕು ಜನ. ಆ ಹದಿನಾಲ್ಕು ಜನರೂ ಇದನ್ನು ಕೇಳಬೇಕು.

“ಆ ಹಾಲ್ ದೊಡ್ಡದು, ಅಲ್ಲಿ ಜಾಗ ಮತ್ತೆ ಹುಡುಕ್ಬೇಕಾಗುತ್ತೆ” ಎಂದ ಅವನು. “ಎಲ್ರ ಮುಂದೇನೂ ಮಂಡಿ ಊರ್ತೀರಾ?”

ಊರುತ್ತೇನೆ ಎಂದೆ.