ದ್ವಾರಬಂಧದ ಮೇಷ್ಟ್ರು

ಚಕ್ರಪಾಣಿ ಮೇಷ್ಟ್ರು ಸಕ್ಕರೆಯನ್ನು ಇಷ್ಟಪಟ್ಟು ತಿನ್ನುತ್ತಿದ್ದರೇ ಹೊರತು ಆ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ. ಅವರಿಗೆ ಅದು ಶರ್ಕರೆ. ವಿಜಯನಗರದ ರೇಷನ್ ಅಂಗಡಿಯವನು ಅದು ಯಾವುದೋ ಔಷಧಿಯೆಂದು ತಿಳಿದು, ‘ಮೆಡಿಕಲ್ ಸ್ಟೋರಲ್ಲಿ ಕೇಳಿ ಸಾರ್’ ಎಂದು ಸಾಗಹಾಕಿದಾಗಲೂ, ಬಿರುಬೇಸಿಗೆಯಲ್ಲೂ ಬಿಚ್ಚದ ಕ್ಲೋಸ್ ಕಾಲರ್ ಕೋಟಿನ ಮೇಲಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡು ಬರಿಗೈಯಲ್ಲಿ ಹಿಂತಿರುಗಿದರೇ ವಿನಾ ಮಾತು ಬದಲಿಸಲಿಲ್ಲ. ಪ್ರೌಢಶಾಲೆಯ ಕನ್ನಡ ಪಂಡಿತರಾದ ಅವರ ಮಟ್ಟಿಗೆ ಸಂಸ್ಕೃತದ ಪದವೊಂದು ಜನರ ಬಾಯಲ್ಲಿ ಸವೆಯುವುದೆಂದರೆ ಹಾಡಹಗಲಿನ ಕಳವು. ಅಂದು ಎರಡು ಹೊತ್ತು ಸಪ್ಪೆ ಕಾಫಿ ಕುಡಿದವರು ಮಾತ್ರ ಅವರ ಹೆಂಡತಿ ವತ್ಸಲಾ.

ಹನ್ನೆರಡು ವರ್ಷದಲ್ಲಿ ಏಳು ಬಾಡಿಗೆ ಮನೆ ಕಂಡಿದ್ದ ವತ್ಸಲಾಗೆ ಇದ್ದದ್ದು ಒಂದೇ ಆಸೆ: ಯಾರ ಅಪ್ಪಣೆಯನ್ನೂ ಕೇಳದೆ ಮೊಳೆ ಹೊಡೆದು ತೋರಣ ಕಟ್ಟಬಹುದಾದ, ತನ್ನದೇ ಆದ ಒಂದು ಮುಂಬಾಗಿಲು. ಎಪ್ಪತ್ತಾರರಲ್ಲಿ ಮಾರೇನಹಳ್ಳಿ ಪಕ್ಕದ ನಿವೇಶನದಲ್ಲಿ ಅಂತೂ ಗೋಡೆಗಳೆದ್ದು, ಬಾಗಿಲು ನಿಲ್ಲಿಸುವ ಶಾಸ್ತ್ರಕ್ಕೆ ಒಂದು ಶುಕ್ರವಾರ ಗೊತ್ತಾಯಿತು. ಅದು ತಪ್ಪಿದರೆ ಆಷಾಢ, ಕೆಲಸ ನಿಂತಂತೆಯೇ. ಬಾಡಿಗೆ ಮನೆಯವರೋ ಖಾಲಿ ಮಾಡಲು ಹೇಳಿಯಾಗಿತ್ತು.

ಬಾಗಿಲ ಸುತ್ತಿನ ಮರದ ಚೌಕಟ್ಟಿಗೆ ಗಾರೆಯವರೂ ಬಡಗಿಗಳೂ ದಾರಂದ ಎನ್ನುತ್ತಾರೆ. ಅಂಥ ಸವೆದ ರೂಪವನ್ನು ಮೇಷ್ಟ್ರ ಲೇಖನಿ ಬರೆದೀತೇ? ಗಾರೆ ಮೇಸ್ತ್ರಿ ಮುನಿಯಣ್ಣನಿಗೆ, ‘ಮುಂಬಾಗಿಲ ದ್ವಾರಬಂಧಕ್ಕೆ ಗುರುವಾರ ಸಾಯಂಕಾಲದೊಳಗೆ ಸಕಲವೂ ಸಿದ್ಧವಾಗತಕ್ಕದ್ದು’ ಎಂದು ದುಂಡಗೆ ಚೀಟಿ ಬರೆದು ಕಳಿಸಿದರು.

ಶುಕ್ರವಾರ ಬೆಳಿಗ್ಗೆ ಪುರೋಹಿತರನ್ನು ಕರೆದುಕೊಂಡು, ಬಡಗಿ ನಂಜುಂಡಪ್ಪನ ಗಾಡಿಯಲ್ಲಿ ಹೊನ್ನೆಮರದ ಚೌಕಟ್ಟು ಹೇರಿಸಿಕೊಂಡು, ದಂಪತಿಗಳು ಬಂದು ನೋಡುತ್ತಾರೆ: ಬಾಗಿಲಿಗೆಂದು ಬಿಟ್ಟಿದ್ದ ಜಾಗದಲ್ಲಿ ಇಟ್ಟಿಗೆ ಗೋಡೆ.

‘ಇದೇನಪ್ಪಾ ಮುನಿಯಣ್ಣ?’

‘ನೀವೇ ಬರ್ದಿದ್ರಲ್ಲ ಸಾರ್, ದ್ವಾರ ಬಂದ್ ಅಂತ. ಜೋಯಿಸರು ಬಾಗ್ಲು ಬೇರೆ ಕಡೆ ಇಡಿ ಅಂದಿರ್ಬೇಕು ಅನ್ಕೊಂಡೆ. ನಿನ್ನೆ ಕತ್ತಲಾಗೋದ್ರೊಳಗೆ ಮುಚ್ಚಿಬಿಟ್ವಿ.’

ವತ್ಸಲಾ ಹೂವಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮರಳುಗುಡ್ಡೆಯ ಮೇಲೆ ಕೂತರು, ಕಣ್ಣು ತುಂಬಿತ್ತು. ಗಂಟೆ ಒಂಬತ್ತೂವರೆ, ಹತ್ತೂವರೆಗೆ ರಾಹುಕಾಲ. ಮೇಷ್ಟ್ರು ಮುನಿಯಣ್ಣ ತೆಗೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿದರು. ಕಾಗುಣಿತ ಸರಿ, ಸಮಾಸ ಸರಿ, ವಿಭಕ್ತಿಯೂ ಸರಿ. ಹೆಂಡತಿಯ ಕಡೆ ನೋಡಿದರು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿ, ಕೋಟು ಬಿಚ್ಚಿ ಪುರೋಹಿತರ ಕೈಗೆ ಕೊಟ್ಟರು. ಒಳಗಿನ ಅಂಗಿಯ ಎರಡು ತೋಳೂ ಹರಿದಿದ್ದವು. ಹನ್ನೆರಡು ವರ್ಷದ ಆ ಗುಟ್ಟನ್ನು ಬೀದಿಗೆ ಬಿಟ್ಟುಕೊಟ್ಟು, ಅವರು ಹಸಿ ಗಾರೆಗೆ ಬೆರಳು ತೂರಿಸಿ ಇಟ್ಟಿಗೆ ಕೀಳತೊಡಗಿದರು. ಮುನಿಯಣ್ಣ ನಾಚಿ ಹಾರೆ ಹಿಡಿದ. ನಂಜುಂಡಪ್ಪ ಪಂಚೆ ಎತ್ತಿ ಕಟ್ಟಿದ. ಪುರೋಹಿತರು ಮಂತ್ರದ ನಡುವೆ ಗಡಿಯಾರ ನೋಡುತ್ತಲೇ ಇದ್ದರು.

ಹತ್ತು ಇಪ್ಪತ್ತಕ್ಕೆ ಚೌಕಟ್ಟು ಎದ್ದು ನಿಂತಿತು. ನಿಂತದ್ದೇ ತಡ, ಅರಿಶಿನ ಕುಂಕುಮ ಹಿಡಿದು ಹತ್ತಿರ ಬಂದಿದ್ದ ವತ್ಸಲಾ ಅವರ ಕಡೆಗೆ ವಾಲಿತು.

‘ದಾರಂದ ಹಿಡ್ಕೋ ಮುನಿಯಣ್ಣ, ದಾರಂದ!’

ಮುನಿಯಣ್ಣ ಹಿಡಿದುಕೊಂಡ. ಮರ ನೆಟ್ಟಗಾಯಿತು. ಆಮೇಲೆ ಎಲ್ಲರೂ ಮೇಷ್ಟ್ರ ಮುಖ ನೋಡಿದರು.

‘ಏನಂದ್ರಿ?’ ಎಂದರು ವತ್ಸಲಾ.

‘ದಾರಂದ ಅಂದೆ ಕಣೇ. ಅದರಲ್ಲೇನು? ಜನ ಅನ್ನಲ್ವೆ?’

ವತ್ಸಲಾ ನಗತೊಡಗಿದರು, ನಗುನಗುತ್ತಲೇ ಹೊಸ್ತಿಲಿಗೆ ಅರಿಶಿನ ಹಚ್ಚಿದರು. ಕೆನ್ನೆಗೆಲ್ಲ ಗಾರೆ ಮೆತ್ತಿಕೊಂಡಿದ್ದ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಪದಗಳ ಶುದ್ಧಿಗೆ ಕಾವಲು ಕೂತ ಇಂಥವರನ್ನು ಕಂಡು ನಾವು ಬೆನ್ನ ಹಿಂದೆ ನಗುತ್ತೇವೆ, ವ್ಯಾಕರಣದ ಹೊರತು ಇವರಿಗೆ ಬೇರೆ ಪ್ರಪಂಚವೇ ಇಲ್ಲವೆನ್ನುತ್ತೇವೆ. ಅದು ನಮ್ಮ ಅವಸರದ ತೀರ್ಪು. ಇವರು ತಮ್ಮ ಅಕ್ಕರೆಯನ್ನು ಯಾವ ಅಲಂಕಾರದಲ್ಲೂ ಹೇಳಲಾರರು; ಬೇಕಾದವರಿಗೆ ಏನಾಗಿಬಿಡುವುದೋ ಎಂಬ ಗಳಿಗೆಯಲ್ಲಿ ಅದು ಒಂದು ತಪ್ಪು ಉಚ್ಚಾರಣೆಯಾಗಿ ತಾನಾಗಿಯೇ ಬಾಯಿಗೆ ಬರುತ್ತದೆ.