ಹನ್ನೊಂದನೆಯ ಕಾಲಂ

ಗುಮಾಸ್ತ ಅನುದಾನದ ಅರ್ಜಿಯನ್ನು ಕಿಟಕಿಯ ಕಿಂಡಿಯಿಂದ ಈಚೆಗೆ ತಳ್ಳಿದ. ಇದು ಮೂರನೆಯ ಸಲ. ಮೊದಲ ಸಲ ಗೊಂಬೆಗಳ ಫೋಟೊ ಚಿಕ್ಕದಾಯಿತು ಎಂದಿದ್ದ, ಎರಡನೆಯ ಸಲ ದೊಡ್ಡದಾಯಿತು ಎಂದಿದ್ದ. ಈ ಸಲ ಫೋಟೊ ಸರಿಯಾಗಿತ್ತು, ಹನ್ನೊಂದನೆಯ ಕಾಲಂ ತಪ್ಪಾಗಿತ್ತು.

"ಗುರುವಿನ ಹೆಸರು ಕೇಳಿದ್ರೆ ನಿಮ್ಮ ತಾಯಿ ಹೆಸರು ಬರೆದಿದ್ದೀರಲ್ಲ ಮೇಡಂ."

"ಗೊಂಬೆ ಆಡಿಸೋದು ಕಲಿಸಿದ್ದು ಅವರೇ ಸಾರ್."

"ಕಲಿಸಿರಬಹುದು. ಆದ್ರೆ ಮಾನ್ಯತೆ ಪಡೆದ ಗುರುಗಳ ಪಟ್ಟಿಯಲ್ಲಿ ಅವರಿಲ್ಲ. ಸೂತ್ರದ ಗೊಂಬೆಗೆ ಇರೋದು ಇವರೊಬ್ಬರೇ."

ಅವನು ಬೆರಳಿಟ್ಟು ತೋರಿಸಿದ ಹೆಸರನ್ನು ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು. ಪಟ್ಟಿಯಲ್ಲಿ ಆ ಹೆಸರಿಗೆ ಹಿಂದೊಂದು ಮುಂದೊಂದು ಬಿರುದು ಅಂಟಿಕೊಂಡಿದ್ದವು. ಅವಳ ಮನೆಯಲ್ಲಿ ಮಾತ್ರ ಆ ಮನುಷ್ಯ ಇಂದಿಗೂ ಸಿಕ್ಕಪ್ಪ.

ಇಪ್ಪತ್ತು ವರ್ಷದ ಹಿಂದೆ ಅವನು ಅಮ್ಮನ ಹತ್ತಿರ ಕಲಿಯಲು ಬಂದಿದ್ದ. ಯಾವ ಗೊಂಬೆ ಎತ್ತಿದರೂ ದಾರಗಳನ್ನೆಲ್ಲ ಸಿಕ್ಕು ಮಾಡಿ ಇಡುತ್ತಿದ್ದ. ಅವನು ಹೋದ ಮೇಲೆ ಅಮ್ಮ ಕೂತು ಬಿಡಿಸುತ್ತಿದ್ದಳು, ಆ ಅಡ್ಡಹೆಸರೂ ಅವಳೇ ಇಟ್ಟಿದ್ದು. ಮೂರು ತಿಂಗಳಾದ ಮೇಲೆ ಪತ್ತೆಯಿಲ್ಲ. ಹೋಗುವ ಮುಂಚೆ ಮಾತ್ರ ಒಂದು ಕಾಗದ ಟೈಪ್ ಮಾಡಿಸಿಕೊಂಡು ಬಂದು, ಪೂರ್ತಿ ವಿದ್ಯೆ ಕಲಿತಿದ್ದೇನೆ ಎಂಬುದಕ್ಕೆ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಓದಲು ಬಾರದ ಅಮ್ಮ, ನನ್ನ ಗುರುತೂ ಒಬ್ಬರಿಗೆ ಬೇಕಾಯಿತಲ್ಲ ಎಂದು ಹಿಗ್ಗಿ ಒತ್ತಿಕೊಟ್ಟಿದ್ದಳು. ಆ ಒಂದು ಕಾಗದ ಹಿಡಿದು ಪುಣ್ಯಾತ್ಮ ಮೊದಲು ಪಟ್ಟಿ ಸೇರಿದ, ಆಮೇಲೆ ಅನುದಾನದ ಆಯ್ಕೆ ಸಮಿತಿಯನ್ನೂ ಸೇರಿದ.

"ಎಲ್ರೂ ಹೀಗೇ ಮಾಡೋದು," ಎಂದು ಗುಮಾಸ್ತ ಡ್ರಾಯರಿನಿಂದ ಒಂದು ಅಚ್ಚಾದ ಹಾಳೆ ತೆಗೆದುಕೊಟ್ಟ. "ಅವರು ಸಹಿ ಹಾಕಿ ಇಟ್ಟಿರ್ತಾರೆ. ನಿಮ್ಮ ಹೆಸರು ತುಂಬಿ ಕೊಟ್ಬಿಡಿ, ಕೆಲಸ ಮುಗೀತು."

ಸದರಿ ಅರ್ಜಿದಾರರು ನನ್ನ ಬಳಿ ಹನ್ನೆರಡು ವರ್ಷ ಅಭ್ಯಾಸ ಮಾಡಿರುತ್ತಾರೆ ಎಂದು ಅದರಲ್ಲಿತ್ತು. ಗುಮಾಸ್ತ ಕೆಟ್ಟವನಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಅದನ್ನು ಕಂಡೇ ಅವಳಿಗೆ ಇನ್ನಷ್ಟು ಉರಿಯಿತು.

ಆದರೂ ಪೆನ್ನು ತೆಗೆದಳು. ಮನೆಯಲ್ಲಿದ್ದ ಒಂಬತ್ತು ಗೊಂಬೆಗಳ ತಲೆಯನ್ನೂ ಹುಳು ಕೊರೆದು ಟೊಳ್ಳು ಮಾಡಿತ್ತು. ರಾಜನ ಮೂಗು ಮುಟ್ಟಿದರೆ ಪುಡಿ ಉದುರುತ್ತಿತ್ತು. ಹೊಸ ತಲೆಗಳಿಗೆ ಒಳ್ಳೆಯ ಮರ ಬೇಕು, ಮರಕ್ಕೆ ಈ ಅನುದಾನ ಬೇಕು. ಆ ಮುಖಗಳನ್ನು ಕೆತ್ತಲು ಬರುವುದು ಅಮ್ಮನೊಬ್ಬಳಿಗೇ, ಅವಳ ಕೈ ಆಗಲೇ ಬೆಳಗಿನ ಹೊತ್ತು ನಡುಗತೊಡಗಿತ್ತು. ಮುಂದಿನ ವರ್ಷ ಮರ ಸಿಕ್ಕರೂ ಆ ಕೈ ಸಿಗುತ್ತದೆಂದು ಹೇಳುವಂತಿರಲಿಲ್ಲ.

ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಎರಡನೆಯದು ಬರೆಯಲಾಗಲಿಲ್ಲ. ಹಾಳೆ ಹಿಡಿದು ಪಡಸಾಲೆಯ ಬೆಂಚಿನ ಮೇಲೆ ಕಾಯುತ್ತಿದ್ದ ಅಮ್ಮನ ಹತ್ತಿರ ಹೋಗಿ, ಗುಮಾಸ್ತ ಹೇಳಿದ್ದನ್ನೂ ಹಾಳೆಯಲ್ಲಿದ್ದುದನ್ನೂ ಒಪ್ಪಿಸಿದಳು.

"ಹನ್ನೆರಡು ವರ್ಷವಾ?" ಎಂದಳು ಅಮ್ಮ. "ಒಂದು ಗಂಟು ಬಿಚ್ಚೋಕೆ ಅವನಿಗೆ ಅಷ್ಟು ಬೇಕಾಗಿತ್ತು."

"ತಮಾಷೆ ಮಾಡಬೇಡಮ್ಮ, ಮೈಯೆಲ್ಲ ಉರೀತಿದೆ ನನಗೆ. ಇದನ್ನ ತುಂಬಿಕೊಟ್ರೆ ಮರ ಬರುತ್ತೆ. ಏನ್ ಮಾಡ್ಲಿ ಹೇಳು."

ಅಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ನಾನು ಗುರು ಅಲ್ಲ ಅಂತ ಆ ಗುಮಾಸ್ತ ಬಾಯಲ್ಲಿ ಹೇಳಿದ್ನಾ, ಬರೆದುಕೊಟ್ನಾ?"

"ಬಾಯಲ್ಲಿ."

"ಬರೆಸ್ಕೊಂಡು ಬಾ."

ಬರೆಯುವುದೆಂದರೆ ಗುಮಾಸ್ತನಿಗೆ ಎಲ್ಲಿಲ್ಲದ ಹುರುಪು. ಸದರಿ ಮಹಿಳೆಯನ್ನು ಗುರುವೆಂದು ಪರಿಗಣಿಸಲಾಗದು, ಅವರು ನೀಡುವ ಯಾವುದೇ ದೃಢೀಕರಣಕ್ಕೆ ಮಾನ್ಯತೆ ಇರುವುದಿಲ್ಲ ಎಂದು ಗುಂಡಗೆ ಬರೆದು, ಸಹಿ ಮಾಡಿ, ಮೊಹರು ಗುದ್ದಿಕೊಟ್ಟ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಬಂದು, ಬಗ್ಗಿ, ಕಿಂಡಿಯೊಳಗೆ ಹೆಬ್ಬೆರಳು ತೂರಿಸಿದಳು.

"ಹಾಗಾದ್ರೆ ನನ್ನ ಹೆಬ್ಬೆಟ್ಟು ವಾಪಸ್ ಕೊಡಪ್ಪ."

"ಯಾವ ಹೆಬ್ಬೆಟ್ಟು ಅಜ್ಜಿ?"

"ನಿಮ್ಮ ಪಟ್ಟಿಯಲ್ಲಿರೋ ಆ ಮನುಷ್ಯನಿಗೆ ಕಲಿಸಿದೀನಿ ಅಂತ ಒತ್ತಿಕೊಟ್ಟಿದ್ದು. ಅದಕ್ಕೆ ಬೆಲೆ ಇಲ್ಲ ಅಂತ ಈಗ ತಾನೇ ಬರೆದ್ಯಲ್ಲ."

ಗುಮಾಸ್ತ ನಕ್ಕ. ನಗುತ್ತಲೇ ಕಪಾಟಿನಿಂದ ಹಳೆಯ ಫೈಲು ಇಳಿಸಿ ಬಿಚ್ಚಿದ. ಮೊದಲ ಹಾಳೆಯ ಬುಡದಲ್ಲೇ ನೀಲಿ ಹೆಬ್ಬೆಟ್ಟು ಕೂತಿತ್ತು. ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಮೇಡಂ, ಈಗ ನಾನು ಬರೆದುಕೊಟ್ಟ ಕಾಗದ ಒಂದ್ನಿಮಿಷ ಕೊಡಿ."

"ನಕಲು ಬೇಕಾದ್ರೆ ಅರ್ಜಿ ಹಾಕಿ ಸಾರ್," ಎಂದು ಮಗಳು ಅದನ್ನು ಮಡಚಿ ಚೀಲದ ತಳಕ್ಕೆ ಸೇರಿಸಿದಳು. "ಫೋಟೊ ಮಾತ್ರ ಚಿಕ್ಕದಾಗಬಾರದು."

ಸಮಿತಿಯ ಸಭೆ ಅಂದೇ ಇತ್ತು. ಮೆಟ್ಟಿಲ ಕಡೆಯಿಂದ ನಾಲ್ಕಾರು ಜನರೊಡನೆ ಸಿಕ್ಕಪ್ಪ ಬಂದ. ಅಮ್ಮನನ್ನು ಕಂಡು ಅವನ ಮುಖ ಊರಗಲವಾಯಿತು.

"ನೋಡಿ, ನನ್ನ ಗುರುಗಳು ಇವರೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಅಮ್ಮಾ, ಚೆನ್ನಾಗಿದ್ದೀರಾ?"

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಪ್ಪ ನೀನು? ನನಗೆ ಶಿಷ್ಯರು ಅಂತ ಯಾರೂ ಇಲ್ಲ. ಬೇಕಾದ್ರೆ ಇವರನ್ನ ಕೇಳು, ಬರೆದುಕೊಟ್ಟಿದ್ದಾರೆ."

ಗುಮಾಸ್ತ ಫೈಲನ್ನು ಮೇಜಿನ ಕೆಳಗೆ ಸರಿಸಿದ. ಮಗಳು ಸಿಕ್ಕಪ್ಪನ ಸಹಿಯಿದ್ದ ಹಾಳೆಯನ್ನು ಅವನ ಕೈಗೇ ಕೊಟ್ಟಳು. ಹನ್ನೊಂದನೆಯ ಕಾಲಂ ತಿದ್ದದೆ ತನ್ನ ಅರ್ಜಿಯನ್ನು ಕಿಂಡಿಯೊಳಗೆ ತಳ್ಳಿ, ಸ್ವೀಕೃತಿ ಕೈಗೆ ಬರುವವರೆಗೂ ಅಮ್ಮನ ಪಕ್ಕದಿಂದ ಕದಲಲಿಲ್ಲ.